ಆಚೆಯ ದಡದಲ್ಲಿ ಒಂದು ದಿನ

ದೂರದೇಶಕ್ಕೆ ಹೋಗಿ ಬಂದವನು ಬಂದ ಮೇಲೆ ತನ್ನೂರಿನ ಹೊಳೆಯನ್ನು ಮತ್ತೊಮ್ಮೆ ನೋಡಬೇಕು ಎಂದು ನಮಗೆ ಮಠದಲ್ಲಿ ಪಾಠ ಹೇಳಿದ ಗುರುಗಳು ಆಗಾಗ ಹೇಳುತ್ತಿದ್ದರು. ಆ ಮಾತಿನ ಅರ್ಥ ನಮಗಾದದ್ದು ನಾವೇ ದೂರದೇಶಕ್ಕೆ ಹೋಗಿ ಬಂದು ಅಲ್ಲ. ಹೋಗಿ ಬಂದ ಹುಡುಗನೊಬ್ಬನ ಮಾತನ್ನು ಕೇಳಿ.

2025ರ ಜನವರಿಯಲ್ಲಿ ಅರಳಸುರಳಿಯ ಸದ್ಭಕ್ತರೊಬ್ಬರ ಮನೆಯಲ್ಲಿ ಶಿವಾನುಭವಗೋಷ್ಠಿ ನಡೆಯಿತು. ಪ್ರಸಾದವಾದ ಮೇಲೆ ಮನೆಯ ಹಿರಿಯ ಮಗ ಜಗಲಿಯ ಮೇಲೆ ಕುಳಿತು ತನ್ನ ಪ್ರವಾಸದ ಚಿತ್ರಗಳನ್ನು ಎಲ್ಲರಿಗೂ ತೋರಿಸಿದ. ಪರದೇಶದಲ್ಲಿ ಉದ್ಯೋಗದಲ್ಲಿರುವ ಆ ತರುಣ ಹಿಂದಿನ ಜೂನ್ ತಿಂಗಳಲ್ಲಿ ನಾರ್ವೆ ದೇಶದ ಕರಾವಳಿಯುದ್ದಕ್ಕೂ ಉತ್ತರಧ್ರುವದ ಕಡೆಗೆ ಸಾಗುವ ಹಡಗಿನಲ್ಲಿ ಪಯಣಿಸಿದ್ದನು. ಬೆಟ್ಟದ ತುದಿಯಲ್ಲಿ ಹಿಮ, ಬುಡದಲ್ಲಿ ಸಮುದ್ರ, ನಡುವೆ ಮರದ ಮನೆಗಳು. ಅಲ್ಲಿ ಆ ದಿನಗಳಲ್ಲಿ ಸೂರ್ಯ ಮುಳುಗುವುದೇ ಇಲ್ಲವೆಂದು ಅವನು ಹೇಳಿದಾಗ ಅವನ ಅಜ್ಜಿ, "ಹಾಗಾದರೆ ಸಂಜೆಯ ಲಿಂಗಪೂಜೆ ಯಾವಾಗ ಮಾಡಿದೆಯಪ್ಪಾ?" ಎಂದು ಕೇಳಿದರು. "ಗಡಿಯಾರ ನೋಡಿ ಮಾಡಿದೆ ಅಜ್ಜಿ" ಎಂದ. ಕುಳಿತವರೆಲ್ಲ ನಕ್ಕರು. ಪೂಜೆಯನ್ನು ಬಿಟ್ಟಿರಲಿಲ್ಲವಲ್ಲ ಎಂದು ಅಜ್ಜಿಗೂ ಸಮಾಧಾನವಾಯಿತು.

ಅವನು ಹೇಳಿದ ಒಂದು ಸಂಗತಿ ನಮ್ಮ ಮನಸ್ಸಿನಲ್ಲಿ ಉಳಿಯಿತು. ಹಡಗು ಆಲ್ಟಾ ಎಂಬ ಊರಿನಲ್ಲಿ ನಿಂತಾಗ ಇವರೆಲ್ಲ ಒಂದು ದಿನದ ಮಟ್ಟಿಗೆ ದಡಕ್ಕೆ ಇಳಿದರಂತೆ. ಅಲ್ಲಿ ಬಂಡೆಗಳ ಮೇಲೆ ಆದಿಮಾನವರು ಕೊರೆದ ಹಿಮಸಾರಂಗ, ದೋಣಿ, ಬೇಟೆಗಾರರ ಚಿತ್ರಗಳಿವೆ. ಅವುಗಳಲ್ಲಿ ಅತಿ ಹಳೆಯವು ಸುಮಾರು 7000 ವರ್ಷಗಳಷ್ಟು ಪ್ರಾಚೀನ. 1985ರಿಂದ ಅವು ವಿಶ್ವಪರಂಪರೆಯ ಪಟ್ಟಿಯಲ್ಲಿವೆ. ಅದೇ ಆಲ್ಟಾ ನದಿಗೆ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟುವ ಯೋಜನೆ ಹೊರಟಾಗ, ಹಿಮಸಾರಂಗಗಳನ್ನು ಸಾಕಿ ಬದುಕುವ ಸಾಮಿ ಎಂಬ ಮೂಲನಿವಾಸಿಗಳ ಮಾಸಿ ಎಂಬ ಹಳ್ಳಿ ಮುಳುಗಡೆಯ ನಕ್ಷೆಯೊಳಗೆ ಇತ್ತು. ಜನ ವಿರೋಧಿಸಿದರು. 1973ರಲ್ಲಿ ಆ ಹಳ್ಳಿಯನ್ನು ಮುಳುಗಡೆಯಿಂದ ಕೈಬಿಡಲಾಯಿತು. ಆದರೂ ಅಣೆಕಟ್ಟಿನ ಕೆಲಸ ನಿಲ್ಲಲಿಲ್ಲ. 1979ರಲ್ಲಿ ಸಾಮಿ ತರುಣರು ರಾಜಧಾನಿಯಾದ ಓಸ್ಲೋದಲ್ಲಿ ಪಾರ್ಲಿಮೆಂಟಿನ ಮುಂದೆ ಉಪವಾಸ ಕುಳಿತರು. ಕೊನೆಗೆ ಕಟ್ಟೆ ಎದ್ದಿತು, 1987ರಲ್ಲಿ ವಿದ್ಯುತ್ತೂ ಬಂದಿತು. ಆದರೆ ಆ ಹೋರಾಟದ ಫಲವಾಗಿ 1989ರಲ್ಲಿ ಸಾಮಿ ಜನರಿಗೆ ತಮ್ಮದೇ ಆದ ಪ್ರತಿನಿಧಿಸಭೆ ದೊರಕಿತು.

ಹುಡುಗ ಇಷ್ಟು ಹೇಳಿ ಮುಗಿಸಿದಾಗ ಮನೆಯ ಯಜಮಾನರು ನಿಧಾನವಾಗಿ, "ಅಯ್ಯನವರೇ, ಅಷ್ಟು ದೂರದ ಹಳ್ಳಿಯ ಹೆಸರು ಈಗ ನಮಗೆ ಗೊತ್ತಾಯಿತು. ನಮ್ಮ ಅತ್ತೆಯವರ ಊರಿನ ಹೆಸರು ಈ ಜಗಲಿಯ ಮೇಲೆ ಎಷ್ಟು ಜನರಿಗೆ ಗೊತ್ತು?" ಎಂದರು. ಅವರ ಸೋದರತ್ತೆ ಶರಾವತಿಯ ಹಿನ್ನೀರಿನ ಆಚೆ, ತುಮರಿಯ ಕಡೆ ಇರುವವರು. ಕೊಟ್ಟ ಊರು ನೀರಿನೊಳಗಿದೆ. ಯಾರೂ ಉತ್ತರ ಕೊಡಲಿಲ್ಲ. ನಮಗೂ ಗೊತ್ತಿರಲಿಲ್ಲ. ಮುಂದಿನ ತಿಂಗಳು ಆ ತಾಯಿಯನ್ನು ಕಂಡು ಬರೋಣವೆಂದು ಆಗಲೇ ನಿಶ್ಚಯಿಸಿದೆವು.

ಹೊಳೆಯ ಹಿಂದೆ

ಶರಾವತಿ ಹುಟ್ಟುವುದು ನಮ್ಮದೇ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. ಸೀತಾದೇವಿಯ ಬಾಯಾರಿಕೆ ನೀಗಲು ಶ್ರೀರಾಮನು ಬಾಣಬಿಟ್ಟು ನೀರು ತರಿಸಿದನೆಂಬ ಐತಿಹ್ಯದಿಂದ ನದಿಗೆ ಆ ಹೆಸರು. ಅಲ್ಲಿ ಮಗು ಹಾರಿ ದಾಟಬಹುದಾದಷ್ಟು ಸಣ್ಣದಾಗಿರುವ ಈ ತೊರೆ ಹೊಸನಗರ ಸೀಮೆಯನ್ನು ಹಾದು, ಸಾಗರ ತಾಲೂಕಿನಲ್ಲಿ ಸಮುದ್ರದಂತೆ ಹರಡಿ, ಜೋಗದಲ್ಲಿ 830 ಅಡಿ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ನಡುವೆ ಸಮುದ್ರದಂತೆ ಹರಡುವುದು ನದಿಯ ಸ್ವಭಾವವಲ್ಲ, ಮನುಷ್ಯನ ಕೆಲಸ. ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. ಅದು ಸಾಲದಾದಾಗ ಕೆಳಗೆ ಲಿಂಗನಮಕ್ಕಿಯಲ್ಲಿ ಸುಮಾರು ಎರಡೂಮುಕ್ಕಾಲು ಕಿಲೋಮೀಟರ್ ಉದ್ದದ ಹೊಸ ಕಟ್ಟೆ ಎದ್ದು 1964ರಲ್ಲಿ ಪೂರ್ಣಗೊಂಡಿತು. ಅದರಲ್ಲಿ 151 ಟಿ.ಎಂ.ಸಿ. ಅಡಿಗೂ ಹೆಚ್ಚು ನೀರು ನಿಲ್ಲುತ್ತದೆ. ಈ ಹೊಸ ನೀರಿನಲ್ಲಿ ಹಳೆಯ ಅಣೆಕಟ್ಟೇ ಮುಳುಗಿಹೋಯಿತೆಂದ ಮೇಲೆ ಊರುಗಳ ಮಾತೇನು? ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ಹಿರೇಭಾಸ್ಕರದ ಕಟ್ಟೆ ತಲೆಯೆತ್ತುತ್ತದೆ; ಜನ ಅದನ್ನು ನೋಡಲು ಹೋಗುತ್ತಾರೆ.

ಇದರಿಂದ ನಾಡಿಗಾದ ಉಪಕಾರವನ್ನು ಮರೆಯುವಂತಿಲ್ಲ. ಶರಾವತಿ ವಿದ್ಯುದಾಗಾರದ 10 ಯಂತ್ರಗಳ ಒಟ್ಟು ಸಾಮರ್ಥ್ಯ 1035 ಮೆಗಾವಾಟ್. ಬೆಂಗಳೂರಿನ ಕಾರ್ಖಾನೆಗಳು, ಬಯಲುಸೀಮೆಯ ಪಂಪುಸೆಟ್ಟುಗಳು, ಶಾಲೆ, ಆಸ್ಪತ್ರೆಗಳು ದಶಕಗಳ ಕಾಲ ಈ ಹೊಳೆಯ ಬಲದಿಂದಲೇ ನಡೆದವು. 1970ರ ದಶಕದಲ್ಲಿ ನಾವು ಮಠದ ಉಚಿತ ಪ್ರಸಾದನಿಲಯದಲ್ಲಿದ್ದು ಸಂಸ್ಕೃತ ವ್ಯಾಕರಣವನ್ನು ಬಾಯಿಪಾಠ ಮಾಡಿದ್ದು ಇಂಥದೇ ಒಂದು ದೀಪದ ಕೆಳಗೆ. ಬೆಳಕು ಹೋದರೆ ಗೊಣಗುತ್ತಿದ್ದೆವು, ಬಂದರೆ ಓದುತ್ತಿದ್ದೆವು. ಅದು ಎಲ್ಲಿಂದ ಬರುತ್ತದೆಂದು ಕೇಳಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಲಾಂಚಿನ ಮೇಲೆ

ಫೆಬ್ರುವರಿಯ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಯಜಮಾನರೊಡನೆ ಅರಳಸುರಳಿಯಿಂದ ಹೊರಟೆವು. ಇಕ್ಕೇರಿಯಲ್ಲಿ ಇಳಿದು ಅಘೋರೇಶ್ವರನ ದರ್ಶನ ಮಾಡಿಕೊಂಡೆವು. ನಮ್ಮ ಸಮಾಜದ ಅಭಿಮಾನಕ್ಕೆ ಪಾತ್ರರಾದ ಕೆಳದಿಯ ಅರಸರು ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ, ಅಂದರೆ ಹೊಸನಗರ ತಾಲೂಕಿನ ಇಂದಿನ ನಗರಕ್ಕೆ, ರಾಜಧಾನಿಯನ್ನು ಬದಲಿಸಿದರು. ಅರಸರು ಊರು ಬಿಟ್ಟರೂ ಗುಡಿ ಉಳಿಯಿತು. ಅವರು ಎಲ್ಲಿಂದ ಎಲ್ಲಿಗೆ ಹೋದರೆಂಬುದು ಶಾಸನದಲ್ಲಿಯೂ ಕಾವ್ಯದಲ್ಲಿಯೂ ಉಳಿಯಿತು. ಬಡ ಒಕ್ಕಲಿನ ಸ್ಥಳಾಂತರವನ್ನು ಯಾರು ಬರೆದಿಡುತ್ತಾರೆ ಎಂಬ ಯೋಚನೆ ಅಲ್ಲಿಯೇ ನಮ್ಮಲ್ಲಿ ಹುಟ್ಟಿತು.

ಸಾಗರದಿಂದ ಆವಿನಹಳ್ಳಿಯ ಮಾರ್ಗವಾಗಿ ಹೊಳೆಬಾಗಿಲಿಗೆ ಬಂದೆವು. ಅಂಬಾರಗೋಡ್ಲು ಈಚೆಯ ದಡ, ಕಳಸವಳ್ಳಿ ಆಚೆಯ ದಡ. ಆಗ ಈ ಎರಡನ್ನೂ ಕೂಡಿಸುತ್ತಿದ್ದುದು ಲಾಂಚು. ಅಗಲವಾದ ಚಪ್ಪಟೆ ನೌಕೆಯ ಮೇಲೆ ಪ್ರಯಾಣಿಕರ ಸಮೇತ ಬಸ್ಸೇ ಏರಿ ನಿಲ್ಲುತ್ತಿತ್ತು. ಅದರ ಸುತ್ತ ಜೀಪು, ಕಾರು, ಮೋಟಾರುಬೈಕುಗಳು. ಸಿಗಂದೂರಿನ ಚೌಡೇಶ್ವರಿಗೆ ಹರಕೆ ಹೊತ್ತವರು, ಅಡಿಕೆಯ ಲೆಕ್ಕ ಹೇಳುತ್ತಿದ್ದ ರೈತರು, ಪುಸ್ತಕ ಹಿಡಿದ ಕಾಲೇಜಿನ ಹುಡುಗಿಯರು, ಆಸ್ಪತ್ರೆಯ ಚೀಟಿ ಹಿಡಿದ ಮುದುಕರು ಎಲ್ಲರೂ ಒಂದೇ ಹಲಗೆಯ ಮೇಲೆ. ನಾರ್ವೆಯ ಕರಾವಳಿಯಲ್ಲಿ 1893ರಿಂದ ಅಂಚೆ, ಸಾಮಾನು, ಜನ ಮೂರನ್ನೂ ಹೊತ್ತು ಊರಿಂದೂರಿಗೆ ಹಡಗುಗಳು ಓಡಾಡುತ್ತಿವೆಯೆಂದೂ, ರಸ್ತೆಯಿಲ್ಲದ ಊರುಗಳಿಗೆ ಅವೇ ರಸ್ತೆಯಾಗಿದ್ದವೆಂದೂ ಆ ಹುಡುಗ ಹೇಳಿದ್ದನು. ನಮ್ಮ ಲಾಂಚಿನ ಕಾಯಕವೂ ಅದೇ. ಆದರೆ ಅಲ್ಲಿನ ಸಮುದ್ರವನ್ನು ದೇವರು ಮಾಡಿದ. ಇಲ್ಲಿನದನ್ನು ನಾವು ಮಾಡಿದೆವು. ಹಿಂದೆ ಕಾಲುನಡಿಗೆಯಲ್ಲಿ ಹೋಗಿ ಬರುತ್ತಿದ್ದ ನೆಂಟರ ಮನೆಗಳ ನಡುವೆ ನೀರು ನಿಂತಿತು. ಸಂಜೆಯ ಕೊನೆಯ ಸುತ್ತು ಮುಗಿದ ಮೇಲೆ ಹೆರಿಗೆಯ ನೋವು ಬಂದರೂ, ಹಾವು ಕಚ್ಚಿದರೂ ಆಚೆಯ ದಡದವರು ಪಡುತ್ತಿದ್ದ ಪಾಡನ್ನು ಆ ಸೀಮೆಯ ಪ್ರತಿಯೊಂದು ಮನೆಯೂ ಹೇಳುತ್ತದೆ.

ಬಲಗಡೆ ನೀರಿನಿಂದ ಒಣಮರದ ಬೊಡ್ಡೆಗಳು ಮೇಲೆದ್ದಿದ್ದವು. ದಡದ ಕೆಮ್ಮಣ್ಣು, ನೀರು ಇಳಿದಲ್ಲೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ತಲೆಯ ಮೇಲೆ ಹೊಸ ಸೇತುವೆಯ ಎತ್ತರದ ಕಂಬಗಳು, ಅವುಗಳಿಂದ ಇಳಿಬಿಟ್ಟ ಕೇಬಲ್ಲುಗಳು. ಎಲ್ಲರೂ ಮೊಬೈಲು ಎತ್ತಿ ಮೇಲಕ್ಕೆ ನೋಡುತ್ತಿದ್ದರು. ನಮ್ಮ ಯಜಮಾನರು ಮಾತ್ರ ಒಂದು ಕಡೆ ತಿರುಗಿ ನೀರಿಗೆ ಕೈಮುಗಿದರು. ಏಕೆಂದು ನಾವು ಆಗ ಕೇಳಲಿಲ್ಲ.

ತಾಯಿಯ ಮಾತು

ಎಂಬತ್ತು ದಾಟಿದ ಆ ತಾಯಿ ಅಂಗಳದ ತುದಿಗೇ ಬಂದು ನಿಂತಿದ್ದರು. ಪಾದಕ್ಕೆ ನೀರು ಕೊಟ್ಟು ಬಾಗಲು ಹೊರಟಾಗ, "ತಾಯೀ, ವಯಸ್ಸಿನಲ್ಲಿ ನೀವು ಹಿರಿಯರು" ಎಂದು ತಡೆದೆವು. "ವಯಸ್ಸಿಗಲ್ಲ ಅಯ್ನೋರೆ, ಲಿಂಗಕ್ಕೆ" ಎಂದು ನಮಸ್ಕರಿಸಿಯೇ ಒಳಗೆ ಕರೆದರು. ಪೂಜೆ, ಪಾದೋದಕಗಳಾದ ಮೇಲೆ ಅಕ್ಕಿರೊಟ್ಟಿ, ಬದನೆಕಾಯಿಯ ಪಲ್ಯ, ಅಪ್ಪೆಮಿಡಿಯ ಉಪ್ಪಿನಕಾಯಿ, ಮಜ್ಜಿಗೆ. ಪ್ರಸಾದವಾದ ಮೇಲೆ ಅವರು ಕಂಬಕ್ಕೆ ಒರಗಿ ಕುಳಿತು, ನಾವು ಕೇಳದೆಯೇ ತಮ್ಮ ಕಥೆಯನ್ನು ಆರಂಭಿಸಿದರು.

ಮದುವೆಯಾಗಿ ಬಂದು ಎರಡೇ ವರ್ಷ. ಮನೆಯ ಹಿಂದೆ ಅಡಿಕೆ ತೋಟ, ಮುಂದೆ ಗದ್ದೆ. ಮುಳುಗಡೆಯ ಸುದ್ದಿ ಬಹಳ ದಿನದಿಂದ ಇತ್ತು, ಯಾರೂ ನಂಬಿರಲಿಲ್ಲ. ಹೊಳೆ ಮಳೆಗಾಲದಲ್ಲಿ ಏರುತ್ತದೆ, ಇಳಿಯುತ್ತದೆ ಎಂದೇ ಎಲ್ಲರ ಭಾವನೆ. ಆ ವರ್ಷ ಏರಿದ ನೀರು ಇಳಿಯಲಿಲ್ಲ. ಬಾಗಿಲುವಾಡ, ತೊಲೆ, ಹಂಚು ಬಿಚ್ಚಿ ಗಾಡಿಗೆ ಹೇರಿದರು. ದೊಡ್ಡ ಮೈದುನನ ಸಂಸಾರ ಹೊಸನಗರದ ಕಡೆಗೆ, ಚಿಕ್ಕವರದು ಶಿವಮೊಗ್ಗದ ಕಡೆಗೆ ಹೋಯಿತು. ಇವರು ಮಾತ್ರ ಗುಡ್ಡ ಹತ್ತಿ ಇಲ್ಲಿಯೇ ನಿಂತರು. ನಿಂತುದಕ್ಕೆ ಒಂದು ಕಾರಣವಿತ್ತು. ನೀರು ಬರುವ ಮೊದಲಿನ ವರ್ಷ ಮಾವನವರು ಲಿಂಗೈಕ್ಯರಾಗಿದ್ದರು. ತೋಟದ ಅಂಚಿನಲ್ಲಿಯೇ ಅವರ ಗದ್ದುಗೆ.

ಓದುಗ ಬಾಂಧವರು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಸುಡುವ ಪದ್ಧತಿಯವರಿಗೆ ಮನೆ ಮುಳುಗುತ್ತದೆ, ತೋಟ ಮುಳುಗುತ್ತದೆ, ಹಿರಿಯರು ಮುಳುಗುವುದಿಲ್ಲ. ಮಣ್ಣು ಕೊಡುವ ನಮ್ಮಂಥವರಿಗೆ ಊರಿನೊಡನೆ ಹಿರಿಯರೂ ನೀರಿನಡಿಗೆ ಹೋಗುತ್ತಾರೆ. ಲಿಂಗನಮಕ್ಕಿಯ ಬಗೆಗೆ ನಾವು ಎಷ್ಟೋ ಓದಿದ್ದೆವು. ಈ ಸಂಗತಿ ಮಾತ್ರ ಅಂದಿನವರೆಗೆ ನಮಗೆ ಹೊಳೆದಿರಲಿಲ್ಲ.

ನಾವು ನಮ್ಮ ಅಭ್ಯಾಸದಂತೆ ಸಮಾಧಾನ ಹೇಳಹೊರಟೆವು. ಸ್ಥಾವರ, ಜಂಗಮ ಎಂಬ ಎರಡು ಮಾತುಗಳನ್ನು ಹಿಡಿದು, ಕಟ್ಟಿದ್ದು ಅಳಿಯುತ್ತದೆ, ನಡೆಯುವುದು ಉಳಿಯುತ್ತದೆ, ಮಣ್ಣಿಗೆ ಸೇರಿದ ಕಾಯಕ್ಕಾಗಿ ಶರಣರು ಶೋಕಿಸಬಾರದು ಎಂದು ವಿವರಿಸಿದೆವು. ತಾಯಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅವರು ಹೇಳಿದ್ದನ್ನು ಸಾಧ್ಯವಾದಷ್ಟು ಅವರ ಮಾತಿನಲ್ಲಿಯೇ ಕೊಡುತ್ತೇವೆ.

"ಅಯ್ನೋರೆ, ಮಾವನೋರು ನೀರಲ್ಲಿ ಇದ್ದಾರೆ ಅಂತ ನಂಗೆ ದುಃಖ ಇಲ್ಲ. ಅವರ ಎಡಗೈಲಿ ಲಿಂಗ ಉಂಟು. ನಾವಿದ್ದರೆ ದಿನಕ್ಕೊಂದು ಚೊಂಬು ನೀರು ಹಾಕ್ತಿದ್ವಿ. ಈಗ ಹೊಳೆಯೇ ಮಜ್ಜನ ಮಾಡಿಸ್ತದೆ. ಅವರ ಪೂಜೆ ನಿಂತಿಲ್ಲ. ನಂಗೆ ದುಃಖ ಬೇರೆ."

ಆ ದುಃಖ ಏನೆಂದು ಕೇಳಿದೆವು. ಅವರು ಗೋಡೆಯ ಮೇಲಿನ ವಿದ್ಯುದ್ದೀಪದ ಕಡೆ ಕೈತೋರಿಸಿದರು. "ಕರೆಂಟಿಗೆ ಅಂತ ನಮ್ಮನ್ನ ಎಬ್ಬಿಸಿದ್ರು. ತಂತಿ ನಮ್ಮ ತಲೆ ಮೇಲೇ ದಾಟಿ ಹೋಯ್ತು. ಈ ಮನೆಗೆ ದೀಪ ಬಂದದ್ದು ನನ್ನ ಮಗನ ಮದುವೆ ಆದ ಮೇಲೆ. ಅಲ್ಲಿವರೆಗೂ ಚಿಮಣಿ ಬುಡ್ಡಿಯಲ್ಲೇ ಲಿಂಗಪೂಜೆ. ಹೋಗ್ಲಿ. ಕತ್ತಲೆ ನಮಗೆ ರೂಢಿ. ಆದ್ರೆ ಬೆಳಕು ಪಡೆದೋರು ಒಬ್ರಾದ್ರೂ ಬಂದು, ತಾಯಿ, ನಿಮ್ಮ ಊರಿನ ಹೆಸರು ಏನಾಗಿತ್ತು ಅಂತ ಕೇಳ್ಲಿಲ್ಲ. ಇವತ್ತು ಬಂದೋರು ನೀವೇ ಮೊದಲು. ನೀವೂ ಇನ್ನೂ ಕೇಳ್ಲಿಲ್ಲ."

ನಮಗೆ ಮಾತು ಹೊರಡಲಿಲ್ಲ. ಅದನ್ನು ಕೇಳಲೆಂದೇ ಅರಳಸುರಳಿಯಿಂದ ಹೊರಟವರು ನಾವು. ಬಂದು ಕುಳಿತು, ಕೇಳುವುದನ್ನು ಬಿಟ್ಟು ಉಪದೇಶ ಮಾಡಿದ್ದೆವು. ಮಠದ ಪಾಠದಲ್ಲಿ ನಾವು ಕಲಿತ ಸ್ಥಾವರ-ಜಂಗಮದ ವಿವರಣೆ ಸುಳ್ಳಲ್ಲ. ಆದರೆ ಅದನ್ನು ಕಳೆದುಕೊಂಡವನು ತನಗೆ ತಾನೇ ಹೇಳಿಕೊಂಡರೆ ವೈರಾಗ್ಯ; ಅವನಿಂದ ಪಡೆದುಕೊಂಡವನು ಅವನಿಗೆ ಹೇಳಿದರೆ ಅದು ಸಾಲ ತೀರಿಸದಿರುವ ಉಪಾಯ. ಆ ತಾಯಿಗೆ ಈ ವ್ಯತ್ಯಾಸ ತಿಳಿದಿತ್ತು. ನಾವು ಕೈಮುಗಿದು ಊರಿನ ಹೆಸರನ್ನು ಕೇಳಿದೆವು. ಹೇಳಿದರು. ನಮ್ಮ ದಿನಚರಿಯ ಪುಸ್ತಕದಲ್ಲಿ ಅವರ ಎದುರಿಗೇ ಬರೆದುಕೊಂಡೆವು. ಅಕ್ಷರ ಬಾರದ ಆ ತಾಯಿ ಪುಸ್ತಕವನ್ನು ತೆಗೆದುಕೊಂಡು ಬರೆದ ಸಾಲಿನ ಮೇಲೆ ಬೆರಳಾಡಿಸಿ ಹಿಂದಕ್ಕೆ ಕೊಟ್ಟರು.

ಅಲ್ಲಿಂದ ಮುಂದೆ ಮಾತು ಸಲೀಸಾಯಿತು. ತೋಟದಲ್ಲಿದ್ದ ಹಲಸಿನ ಮರ ಯಾವುದು, ಕೆರೆ ಎಲ್ಲಿತ್ತು, ಯಾವ ಯಾವ ಜಾತಿಯವರ ಎಷ್ಟೆಷ್ಟು ಮನೆಗಳಿದ್ದವು, ಯಾರು ಯಾವ ಕಡೆಗೆ ಹೋದರು ಎಂದು ಒಂದೊಂದನ್ನೂ ಹೇಳಿದರು. ಹೋದವರಲ್ಲಿ ಅನೇಕರಿಗೆ ಕೊಟ್ಟ ಜಮೀನು ಅರಣ್ಯದ ಲೆಕ್ಕದಲ್ಲಿದ್ದುದರಿಂದ ಹಕ್ಕುಪತ್ರಕ್ಕಾಗಿ ಮಕ್ಕಳ ಕಾಲದವರೆಗೂ ಕಚೇರಿ ಅಲೆಯಬೇಕಾಯಿತು ಎಂಬುದನ್ನೂ ಹೇಳಿದರು. 2023ರಲ್ಲಿ ಮಳೆ ಕಡಿಮೆಯಾಗಿ ಮುಂದಿನ ಬೇಸಿಗೆಯಲ್ಲಿ ನೀರು ಬಹಳ ಇಳಿದಾಗ ಮಗ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಆ ಜಾಗದ ಹತ್ತಿರಕ್ಕೆ ಕರೆದೊಯ್ದಿದ್ದನಂತೆ. ಕೆಸರು ಬಿರುಕು ಬಿಟ್ಟಿತ್ತು. ಮನೆಯ ಪಂಚಾಂಗದ ಕಲ್ಲುಗಳು ಕಂಡವು. ಗದ್ದುಗೆಯ ಜಾಗವನ್ನು ಹಲಸಿನ ಬೊಡ್ಡೆಯ ಗುರುತಿನಿಂದ ಹಿಡಿದು ವಿಭೂತಿ, ಬಿಲ್ವಪತ್ರೆ ಇಟ್ಟು ಬಂದರಂತೆ. "ಜನ ಮಳೆ ಬರಲಿ ಅಂತ ಬೇಡ್ಕೊತಿದ್ರು. ನಾನೂ ಬೇಡ್ಕೊಂಡೆ. ಮಳೆ ಬಂದ್ರೆ ಮಾವನೋರು ಮತ್ತೆ ಕಾಣ್ಸೋದಿಲ್ಲ ಅಂತ ಗೊತ್ತಿದ್ದೂ ಬೇಡ್ಕೊಂಡೆ" ಎಂದರು. ಲಾಂಚಿನ ಮೇಲಿಂದ ಯಜಮಾನರು ಕೈಮುಗಿದ ದಿಕ್ಕು ಯಾವುದೆಂಬುದು ಆಗ ನಮಗೆ ತಿಳಿಯಿತು.

ಹಿಂತಿರುಗುವಾಗ

ಕೊನೆಯ ಲಾಂಚು ತಪ್ಪೀತೆಂದು ಬೇಗನೆ ಹೊರಟೆವು. ನೀರಿನ ನಡುವೆ ಬಂದಾಗ ಈ ಸಲ ನಾವೂ ಅತ್ತ ತಿರುಗಿ ನಮಸ್ಕರಿಸಿದೆವು. ಪಕ್ಕದಲ್ಲಿದ್ದ ಒಬ್ಬ ರೈತರು, ನಮ್ಮ ಸಮಾಜದವರಲ್ಲ, ನಮ್ಮನ್ನು ನೋಡಿ, "ನಿಮ್ಮೋರದೂ ಅಲ್ಲಿ ಉಂಟೋ?" ಎಂದು ಕೇಳಿದರು. "ಉಂಟು" ಎಂದೆವು. ಅದು ಸುಳ್ಳೆಂದು ನಮಗೆ ಅನ್ನಿಸಲಿಲ್ಲ.

ಅದೇ ವರ್ಷ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಅದರ ಉದ್ದ 2.44 ಕಿಲೋಮೀಟರ್. ಆರು ದಶಕಗಳ ಕಾಯುವಿಕೆ ಮುಗಿಯಿತೆಂದು ಆ ಸೀಮೆಯ ಜನ ಸಂಭ್ರಮಿಸಿದ್ದು ನ್ಯಾಯವೇ. ಇನ್ನು ರಾತ್ರಿಯಲ್ಲಿ ನೋವು ಬಂದವರು ಬೆಳಗಿನವರೆಗೆ ದಡದಲ್ಲಿ ಕಾಯಬೇಕಾಗಿಲ್ಲ. ಕಾರ್ತಿಕದಲ್ಲಿ ನಾವು ಆ ಸೇತುವೆಯ ಮೇಲೆ ಹಾದು ಮತ್ತೆ ಆ ತಾಯಿಯನ್ನು ಕಂಡೆವು. ಕೆಲವೇ ನಿಮಿಷಗಳಲ್ಲಿ ದಾಟಿದೆವು. ಸೇತುವೆ ಹೇಗಿದೆಯೆಂದು ಕೇಳಿದ್ದಕ್ಕೆ ಅವರು, "ಒಳ್ಳೇದಾಯ್ತು. ಸೊಸೆಯನ್ನ ಸಾಗರದ ಆಸ್ಪತ್ರೆಗೆ ಒಂದು ರಾತ್ರಿ ಕರ್ಕೊಂಡು ಹೋದ್ವಿ, ಬದುಕಿದ್ಲು. ಆದ್ರೆ ಬಸ್ಸು ಜೋರಾಗಿ ಹೋಗ್ತದೆ. ಕೈಮುಗಿಯೋ ಜಾಗ ಬರೋದ್ರೊಳಗೆ ದಾಟಿರ್ತದೆ" ಎಂದು ನಕ್ಕರು.

ಮುಳುಗಡೆಯ ಬದುಕನ್ನು ಸಾಗರದಲ್ಲಿಯೇ ನೆಲೆಸಿದ್ದ ನಾ. ಡಿಸೋಜರು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಬರೆದರು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಲನಚಿತ್ರವಾಗಿಸಿದರು. 2025ರ ಜನವರಿಯಲ್ಲಿ ಡಿಸೋಜರು ನಮ್ಮನ್ನಗಲಿದರು. ಸಾಹಿತಿಗಳು ತಮ್ಮ ಕೆಲಸವನ್ನು ಮಾಡಿದ್ದಾರೆ. ಮನೆಗಳು ಮಾಡಬೇಕಾದ ಕೆಲಸ ಉಳಿದಿದೆ.

ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ. ಲಿಂಗನಮಕ್ಕಿಯ ನೀರಿನಿಂದಾಗಲಿ, ಹೊಸನಗರ ತಾಲೂಕಿನ ಮಾಣಿ, ಚಕ್ರಾ, ಸಾವೆಹಕ್ಕಲು ಜಲಾಶಯಗಳಿಂದಾಗಲಿ ನೆಲೆ ತಪ್ಪಿದ ಮನೆತನಗಳು ನಮ್ಮ ಸಮಾಜದಲ್ಲಿ ಎಷ್ಟೋ ಇವೆ. ಅಂಥ ಮನೆಯ ಹಿರಿಯರನ್ನು ಈ ವರ್ಷವೇ ಕೂರಿಸಿಕೊಂಡು, ಊರಿನ ಹೆಸರು, ಮನೆ ಇದ್ದ ದಿಕ್ಕು, ಯಾರ ಗದ್ದುಗೆ ಎಲ್ಲಿದೆ, ಅಣ್ಣತಮ್ಮಂದಿರು ಯಾವ ಯಾವ ಊರಿಗೆ ಹೋದರು ಎಂಬಷ್ಟನ್ನಾದರೂ ಒಂದು ಪುಸ್ತಕದಲ್ಲಿ ಬರೆದಿಡಿ. ಮಕ್ಕಳ ಕೈಯಿಂದ ಬರೆಸಿದರೆ ಇನ್ನೂ ಲೇಸು. ಒಂದು ಪ್ರತಿಯನ್ನು ನಿಮ್ಮ ಮಠಕ್ಕೆ ಒಪ್ಪಿಸಿ. ಕೇಳುವಾಗ ನಮ್ಮಂತೆ ನಡುವೆ ಬಾಯಿ ಹಾಕಿ ಉಪದೇಶ ಮಾಡಬೇಡಿ.

ಮುಳುಗಡೆಗೂ ತಮಗೂ ಸಂಬಂಧವಿಲ್ಲವೆಂದು ತಿಳಿದ ಮನೆಗಳಿಗೆ ಇನ್ನೊಂದು ಮಾತು. ಸಂಜೆ ಪೂಜೆಗೆ ಕುಳಿತುಕೊಳ್ಳುವ ಮೊದಲು ದೀಪದ ಗುಂಡಿ ಒತ್ತುತ್ತೀರಿ. ಆ ಕ್ಷಣ ಒಮ್ಮೆ ಆ ಊರುಗಳನ್ನು ನೆನೆಯಿರಿ. ಪಡೆದದ್ದನ್ನು ಪಡೆದೆವೆಂದು ತಿಳಿಯುವುದೂ ದಾಸೋಹದ ಮೊದಲ ಮೆಟ್ಟಿಲೇ. ಅರಳಸುರಳಿಯ ಆ ಮನೆಯಲ್ಲಿ ಈಗ ಹಾಗೆಯೇ ನಡೆಯುತ್ತಿದೆ. ನಾರ್ವೆಗೆ ಹೋಗಿ ಬಂದ ಹುಡುಗ ತನ್ನ ಚಿತ್ರಗಳ ಪುಸ್ತಕದ ಕೊನೆಯ ಪುಟದಲ್ಲಿ ತಂದೆಯ ಸೋದರತ್ತೆಯ ಊರಿನ ಹೆಸರನ್ನು ಬರೆದು ಅಂಟಿಸಿದ್ದಾನೆ. ಆ ಊರಿನ ಚಿತ್ರ ಯಾರ ಬಳಿಯೂ ಇಲ್ಲ.

ಶರಣು ಶರಣಾರ್ಥಿ.